ತಾಳೆಗಳ ನಾಡನ್ನು ಬರೆದಿಟ್ಟ ವೈದ್ಯ ಬುಕಾನನ್

ಕಕ್ಕಿಂಜೆ: ಚಾರ್ಮಾಡಿ ಘಾಟಿಯ ತಪ್ಪಲಿನ ಈ ಊರಿನಲ್ಲಿ ತಾಳೆಯ ಕುಲಕ್ಕೆ ಸೇರಿದ ಮರಗಳನ್ನು ಯಾರೂ ನಿಂತು ನೋಡುವುದಿಲ್ಲ. ತೋಟದ ತುಂಬ ಅಡಿಕೆ, ಅಂಗಳದ ಅಂಚಿಗೆ ತೆಂಗು, ಕಾಡಿನ ಸೆರಗಿನಲ್ಲಿ ಬೈನೆ. ಇದೇ ಕುಲದ ಅಪರೂಪದ ಮರಗಳನ್ನು ಕಂಡು ಬೆರಗಾಗಲೆಂದು ದೇಶದ ಮೂಲೆಮೂಲೆಗಳಿಂದ ಜನರು ಕೋಲ್ಕತ್ತದ ಎದುರು ದಂಡೆಯಲ್ಲಿರುವ ಶಿಬ್‌ಪುರದ ಸಸ್ಯೋದ್ಯಾನಕ್ಕೆ ಹೋಗುತ್ತಾರೆ. ಅಲ್ಲಿ ತಾಳೆಗಳಿಗೆಂದೇ ಕಟ್ಟಿದ ದೊಡ್ಡ ಮನೆಯಿದೆ. ಸೇಶೆಲ್ಸ್ ದ್ವೀಪಗಳಿಂದ ಬಂದು 1894ರಲ್ಲಿ ನೆಲೆಯೂರಿದ ಜೋಡಿ ತೆಂಗಿನ ಮರವೂ ಹಿಂದೆ ಅಲ್ಲಿತ್ತು. ಬೆಳ್ತಂಗಡಿಯ ಸೀಮೆಯನ್ನೂ ಆ ಉದ್ಯಾನವನ್ನೂ ಒಂದೇ ಬಾಳಿನಲ್ಲಿ ಬೆಸೆದವನು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್.

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಕ್ಯಾಲಂಡರ್ ಎಂಬಲ್ಲಿ. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ವೈದ್ಯವನ್ನು ಓದುತ್ತಲೇ ಜಾನ್ ಹೋಪ್ ಎಂಬ ಗುರುವಿನ ಬಳಿ ಸಸ್ಯಶಾಸ್ತ್ರವನ್ನು ಕಲಿತು, 1783ರಲ್ಲಿ ಪದವಿ ಪಡೆದ. ಕೆಲಕಾಲ ಹಡಗಿನ ವೈದ್ಯನಾಗಿ ಸಮುದ್ರದ ಮೇಲೆ ಕಳೆದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದ. ಮರುವರ್ಷವೇ ಬರ್ಮಾದ ಆವಾಕ್ಕೆ ಹೊರಟ ರಾಯಭಾರಿ ತಂಡದೊಂದಿಗೆ ಹೋಗಿ ಅಲ್ಲಿನ ಗಿಡಮರಗಳನ್ನು ಗುರುತಿಸಿದ. ಔಷಧದ ಪೆಟ್ಟಿಗೆಗಿಂತ ಗಿಡಗಳ ಕಟ್ಟು ಆತನ ಮನಸ್ಸಿಗೆ ಹತ್ತಿರವಾಗಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ಬಳಿಕ ಕೆನರಾ ಜಿಲ್ಲೆ ಕಂಪನಿಯ ವಶವಾಯಿತು. ಹೊಸ ಸೀಮೆಯ ಬೆಳೆ, ವ್ಯಾಪಾರ, ಜನಜೀವನಗಳನ್ನು ಅರಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಆರಿಸಿದ್ದು ಬುಕಾನನ್‌ನನ್ನು. 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಆತ ಮೇ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನರ ತೋಟಗಳನ್ನು ಕಂಡ. ಚೌಕಚೌಕವಾಗಿ ವಿಂಗಡಿಸಿದ ಪಾತಿಗಳು, ಒಂದೊಂದರಲ್ಲಿ ಒಂದೊಂದೇ ಬಗೆಯ ಗಿಡ, ದಾರಿಯ ಇಕ್ಕೆಲಗಳಲ್ಲಿ ಸೈಪ್ರೆಸ್ ಮರಗಳು. ಆ ವ್ಯವಸ್ಥೆಯನ್ನು ಆತ ದಾಖಲಿಸಿದ.

ಮೈಸೂರು, ಮಲಬಾರುಗಳನ್ನು ಸುತ್ತಿ 1801ರ ಆರಂಭದಲ್ಲಿ ಮಂಗಳೂರಿಗೆ ಬಂದ ಬುಕಾನನ್, ನೇತ್ರಾವತಿಯ ಬದಿಯಿಂದ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳಗಳನ್ನು ಹಾದುಹೋದ. ಜಮಾಲಾಬಾದಿನ ಕೋಟೆಗಾಗಿ ನಡೆದ ಕಾದಾಟದ ನೆನಪು ಆಗಿನ್ನೂ ಹಸಿಯಾಗಿತ್ತು. ವೇಣೂರಿನಲ್ಲಿ 1604ರಲ್ಲಿ ಪ್ರತಿಷ್ಠೆಗೊಂಡ ಬಾಹುಬಲಿಯನ್ನೂ, ಮೂಡುಬಿದಿರೆಯಲ್ಲಿ ಕಲ್ಲಿನ ಬಸದಿಗಳನ್ನೂ ಆತ ನೋಡಿದ. ಜೈನರಿಂದ ಅವರ ಮತದ ವಿಚಾರಗಳನ್ನು ಕೇಳಿ ಬರೆದುಕೊಂಡ. ಗದ್ದೆಯ ಬಗೆ, ಗೇಣಿಯ ಲೆಕ್ಕ, ಅಡಿಕೆ ತೋಟದ ಆರೈಕೆ, ಆಳುಗಳ ಕೂಲಿ ಯಾವುದನ್ನೂ ಬಿಡಲಿಲ್ಲ. 1801ರ ಜುಲೈಯಲ್ಲಿ ಮದರಾಸಿಗೆ ಮರಳಿದ ಆತನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕರಾವಳಿಯ ಚರಿತ್ರೆಯನ್ನು ಬರೆಯುವವರು ಇಂದಿಗೂ ಅದರ ಪುಟ ತಿರುವದೆ ಮುಂದೆ ಹೋಗಲಾರರು.

ಆದರೂ ಆ ಬರವಣಿಗೆ ಒಬ್ಬ ಅಧಿಕಾರಿಯ ಬರವಣಿಗೆ. ಗೆದ್ದ ನೆಲದ ಆದಾಯವನ್ನು ತಿಳಿಯುವುದು ಕಂಪನಿಯ ಗುರಿಯಾಗಿತ್ತು. ಸ್ಥಳೀಯರ ನಡೆನುಡಿಗಳ ಬಗ್ಗೆ ಬುಕಾನನ್ ಕೊಟ್ಟ ತೀರ್ಪುಗಳಲ್ಲಿ ಕೆಲವು ಒರಟಾಗಿವೆ. ಮರಗಿಡಗಳ ಮುಂದೆ ನಿಂತಾಗ ಮಾತ್ರ ಆತ ತಾಳ್ಮೆಯ ವಿದ್ಯಾರ್ಥಿಯಾಗುತ್ತಿದ್ದ.

ಮುಂದೆ 1802ರಲ್ಲಿ ನೇಪಾಳ, 1807ರಿಂದ ಏಳು ವರ್ಷ ಬಂಗಾಳ, ಬಿಹಾರಗಳ ಸಮೀಕ್ಷೆ. ಈ ದುಡಿಮೆಯ ಕೊನೆಯಲ್ಲಿ ಬುಕಾನನ್ ಬಯಸಿದ್ದು ಒಂದೇ ಹುದ್ದೆ: ರಾಬರ್ಟ್ ಕಿಡ್ 1787ರಲ್ಲಿ ಆರಂಭಿಸಿ, ವಿಲಿಯಂ ರಾಕ್ಸ್‌ಬರ್ಗ್ ಬೆಳೆಸಿದ ಶಿಬ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಣೆ. 1814ರಲ್ಲಿ ಅದು ಕೈಗೆ ಬಂತು. ಅಷ್ಟರಲ್ಲಿ ದೇಹ ಸೋತಿತ್ತು. ಕೆಲವೇ ತಿಂಗಳು ಉದ್ಯಾನವನ್ನು ನೋಡಿಕೊಂಡು 1815ರ ಆರಂಭದಲ್ಲಿ ಆತ ಭಾರತವನ್ನು ಬಿಟ್ಟ. ಹೊರಡುವ ಹೊತ್ತಿನಲ್ಲಿ ಗವರ್ನರ್ ಜನರಲ್ ಲಾರ್ಡ್ ಮೊಯಿರಾ, ಸಮೀಕ್ಷೆಯ ಕಾಲದಲ್ಲಿ ಬರೆಸಿದ ಚಿತ್ರಗಳನ್ನು ಒಯ್ಯಗೊಡದೆ ಕಲ್ಕತ್ತೆಯಲ್ಲೇ ಉಳಿಸಿಕೊಂಡ. ವರ್ಷಗಳ ಶ್ರಮ ಕೈತಪ್ಪಿದ ಆ ನೋವು ಬುಕಾನನ್‌ನನ್ನು ಬಹುಕಾಲ ಕಾಡಿತು.

ತಾಯಿಯ ಕಡೆಯ ಆಸ್ತಿಯೊಂದಿಗೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಧರಿಸಿದ ಆತ ಸ್ಕಾಟ್ಲೆಂಡಿನಲ್ಲಿ ಕುಳಿತು ಉಳಿದ ಟಿಪ್ಪಣಿಗಳಿಂದಲೇ ಕೆಲಸ ಮುಂದುವರಿಸಿದ. 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥ ಹೊರಬಂತು. ಅದೇ ವರ್ಷ ಹೋರ್ಟಸ್ ಮಲಬಾರಿಕಸ್ ಗ್ರಂಥಕ್ಕೆ ಆತ ಬರೆದ ವ್ಯಾಖ್ಯಾನದ ಮೊದಲ ಭಾಗ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕು ಕಂಡಿತು. ಡಚ್ ಅಧಿಕಾರಿ ವಾನ್ ರೀಡೆ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ಆ ಗ್ರಂಥಕ್ಕೆ ಇಟ್ಟಿ ಅಚ್ಯುತನ್ ಎಂಬ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ಪಂಡಿತರೂ ನೆರವಾಗಿದ್ದರು. ಅದರ ಮೊದಲ ಪುಟಗಳಲ್ಲೇ ಇರುವುದು ತೆಂಗು, ಅಡಿಕೆ, ತಾಟಿನಿಂಗು, ಬೈನೆ. ತೋಟವೂ ಚಿತ್ರಗಳೂ ಕೈಬಿಟ್ಟ ಮೇಲೆ, ಮುಪ್ಪಿನಲ್ಲಿ ಬುಕಾನನ್ ವ್ಯಾಖ್ಯಾನ ಬರೆಯತೊಡಗಿದ್ದು ಕರಾವಳಿಯ ಈ ತಾಳೆಗಳಿಂದಲೇ. 1829ರ ಜೂನ್ 15ರಂದು ಆತ ತೀರಿಕೊಂಡಾಗ ವಯಸ್ಸು 67.

ಅದೇ ಗ್ರಂಥದ ಮೂರನೆಯ ಸಂಪುಟದಲ್ಲಿ ಶ್ರೀತಾಳೆಯ ಚಿತ್ರವಿದೆ. ಕೊಡೆ ಹಿಡಿಯುವ ಮರವೆಂಬ ಅರ್ಥದ ಲ್ಯಾಟಿನ್ ಹೆಸರನ್ನು ಲಿನಿಯಸ್ 1753ರಲ್ಲಿ ಅದಕ್ಕಿಟ್ಟ. ಹಲವು ದಶಕ ಬೆಳೆದು, ಬಾಳಿನಲ್ಲಿ ಒಮ್ಮೆ ಮಾತ್ರ ಹೂಬಿಟ್ಟು, ಕಾಯಿ ಉದುರಿಸಿ ಸಾಯುವ ಮರವದು. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಧವಳಾ ಗ್ರಂಥಗಳು ಉಳಿದುಬಂದದ್ದೂ ತಾಳೆಗರಿಯ ಮೇಲೆ. ಶ್ರೀತಾಳೆ ಹೂಬಿಟ್ಟರೆ ಊರಿಗೆ ಕೇಡು ಎಂಬ ನಂಬಿಕೆಯಿಂದ ಹೂವಿಗೆ ಮೊದಲೇ ಕಡಿಯುವ ರೂಢಿ ಕರಾವಳಿಯಲ್ಲಿ ಬೆಳೆದು, ಮರಗಳು ವಿರಳವಾಗಿವೆ. ಹೂವಿಗೆ ಮುನ್ನ ಕಡಿದ ಶ್ರೀತಾಳೆ ಒಂದು ಬೀಜವನ್ನೂ ಬಿಟ್ಟು ಹೋಗುವುದಿಲ್ಲ. ಊರಿನ ಹಿತ್ತಲಿನಿಂದ ಮರ ಮರೆಯಾದರೆ, ಮುಂದಿನ ತಲೆಮಾರು ಅದನ್ನೂ ದೂರದ ಸಸ್ಯೋದ್ಯಾನದಲ್ಲಿ ಹೆಸರಿನ ಫಲಕ ಓದಿಯೇ ಗುರುತಿಸಬೇಕಾದೀತು.