ಬಲ್ಮಠದ ಮೊಗ್ಲಿಂಗ್ ಪತ್ರಿಕೆ ಮಾತ್ರ ಮಾಡಿದ್ದಲ್ಲ, ಊರೂ ಕಟ್ಟಿದ್ದರು

ಬಲ್ಮಠದಲ್ಲಿ ಹರ್ಮನ್ ಮೊಗ್ಲಿಂಗ್ ಹೆಸರು ನೆನಪಾಗುವುದು ಪತ್ರಿಕೆಯಿಂದ. 1843ರ ಜುಲೈ 1ರಂದು ಇಲ್ಲಿನ ಬಾಸೆಲ್ ಮಿಶನ್ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂತು. ಪ್ರತಿವರ್ಷ ಪತ್ರಿಕಾ ದಿನಕ್ಕೆ ಅಷ್ಟು ಹೇಳಿ ಎಲ್ಲರೂ ಮುಗಿಸುತ್ತಾರೆ.

ಜರ್ಮನಿಯಲ್ಲಿ 1811ರಲ್ಲಿ ಹುಟ್ಟಿದ ಅವರು ಮಂಗಳೂರಿಗೆ ಬಂದದ್ದು 1836ರಲ್ಲಿ. ಕನ್ನಡ ಕಲಿತರು, ಹಳೇ ಕಾವ್ಯ ಅಚ್ಚು ಹಾಕಿಸಿದರು, ಅದಕ್ಕೆ ಟ್ಯೂಬಿಂಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಸಿಕ್ಕಿತು. ಇದೆಲ್ಲ ಗೊತ್ತಿದ್ದದ್ದೇ.

1853ರಲ್ಲಿ ಅವರು ಕೊಡಗಿಗೆ ಹೋದರು. ಅಲ್ಲಿ ಗದ್ದೆಯಲ್ಲಿ ದುಡಿಯುವ ದಲಿತರಲ್ಲಿ ಎರಡು ಬಗೆ ಇತ್ತು. ಭೂಮಿ ಜಮ್ಮದ ಆಳು ಅಂದರೆ ಗದ್ದೆಗೆ ಕಟ್ಟಿಬಿದ್ದವನು. ಗದ್ದೆ ಕೈ ಬದಲಾದರೆ ಅವನೂ ಹೊಸ ಧಣಿಗೆ. ಒಕ್ಕಲು ಜಮ್ಮದ ಆಳು ಧಣಿ ಮನೆತನದ ಸೊತ್ತು, ಧಣಿ ಎಲ್ಲಿಗೆ ಕಳಿಸಿದರೆ ಅಲ್ಲಿಗೆ. ಗುಲಾಮಗಿರಿಗೆ ಕಾನೂನಿನ ಬಲ ಇಲ್ಲ ಎಂಬ ಕಾಯ್ದೆ ಬಂದದ್ದು 1843ರಲ್ಲೇ, ಪತ್ರಿಕೆ ಹುಟ್ಟಿದ ವರ್ಷವೇ. ಆದರೆ ಕಾಯ್ದೆ ಬಂದರೆ ಸಾಕಾ? ಧಣಿಯನ್ನು ಬಿಟ್ಟು ಹೊರಟವನಿಗೆ ಗುಡಿಸಲು ಹಾಕಲು ಅಡಿಸ್ಥಳವೇ ಇಲ್ಲ. ಜಾಗ ಇಲ್ಲದವನು ತಿರುಗಿ ಅದೇ ಅಂಗಳಕ್ಕೆ ಬರಬೇಕು.

ಮೊಗ್ಲಿಂಗ್ ಕೈ ಹಾಕಿದ್ದು ಇಲ್ಲಿಗೇ. ಅಮ್ಮತ್ತಿ ಹತ್ತಿರ ಕಾಡು ಜಾಗ ಪಡೆದು, ಸವರಿಸಿ, ಆನಂದಪುರ ಅಂತ ಊರು ಮಾಡಿದರು. ನೆಲೆ ಸಿಕ್ಕಿದ್ದು ಕ್ರೈಸ್ತರಾದ ದಲಿತ ಕುಟುಂಬಗಳಿಗೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಅದರ ಬಗ್ಗೆ ತಕರಾರು ಇರುವವರು ಇರಲಿ. ಧಣಿಯ ಅಂಗಳ ಬಿಟ್ಟು ಬೇರೆ ಕಡೆ ಒಲೆ ಹೊತ್ತಿಸಲು ಆ ಕುಟುಂಬಗಳಿಗೆ ಜಾಗ ಆದದ್ದಂತೂ ಹೌದು.

ಆಮೇಲೆ ಅವರು ಜರ್ಮನಿಗೆ ವಾಪಸಾದರು, 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಅಮ್ಮತ್ತಿ ಕಡೆ ಹೋದರೆ ಆನಂದಪುರ ಹೆಸರು ಇವತ್ತಿಗೂ ಇದೆ.