ಪಂಡಿತಾ ರಮಾಬಾಯಿಯವರೂ ಅವರ ಮಗಳೂ

ನಮ್ಮ ಶಾಲೆಯಲ್ಲಿ ಕಲಿತು, ಈಗ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ದುಡಿಯುತ್ತಿರುವ ತಾಯಂದಿರು ನನ್ನನ್ನು ಕಂಡಾಗ ಕೇಳುವ ಮಾತು ಒಂದೇ: ಕೆಲಸಕ್ಕೆ ಹೋದರೆ ಮಕ್ಕಳ ಗತಿಯೇನು? ಇದಕ್ಕೆ ಉತ್ತರ ಹೇಳುವಷ್ಟು ಬುದ್ಧಿ ನನಗಿಲ್ಲ. ಆದುದರಿಂದ ಪಂಡಿತಾ ರಮಾಬಾಯಿಯವರ ಜೀವಿತದಲ್ಲಿ ಈ ವಿಷಯಕ್ಕೆ ಸಂಬಂಧಪಟ್ಟ ಭಾಗವನ್ನು ಮಾತ್ರ ಬರೆಯುತ್ತೇನೆ.

ರಮಾಬಾಯಿಯವರು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಲೋಕವಿರೋಧವನ್ನು ಲಕ್ಷಿಸದೆ ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ್ದರು. ಮನೆಯಲ್ಲಿ ಶಿಷ್ಯರೂ ಅತಿಥಿಗಳೂ ತುಂಬಿರುತ್ತಿದ್ದುದರಿಂದ ಆ ತಾಯಿಗೆ ಹಗಲಿನಲ್ಲಿ ಬಿಡುವೆಂಬುದೇ ಇರಲಿಲ್ಲ. ಆಕೆಯು ಬೆಳಗಾಗುವ ಮೊದಲೇ, ಹಕ್ಕಿಗಳು ಕೂಗುವ ಹೊತ್ತಿಗೆ, ನಿದ್ದೆಗಣ್ಣಿನ ಮಗಳನ್ನು ಮುದ್ದಿಸಿ ಎಬ್ಬಿಸಿ, ತೋಳಿನಲ್ಲಿ ಇಟ್ಟುಕೊಂಡು ಬಾಯಿಪಾಠ ಹೇಳಿಕೊಡುತ್ತಿದ್ದಳು. ರಮಾಬಾಯಿಯವರು ಅದನ್ನು ಜೀವಮಾನದಲ್ಲಿ ಮರೆಯಲಿಲ್ಲ; 1887ರಲ್ಲಿ ಅಮೆರಿಕದಲ್ಲಿ ತಮ್ಮ ಪುಸ್ತಕವನ್ನು ಅಚ್ಚು ಹಾಕಿಸಿದಾಗ ಅದನ್ನು ತಾಯಿಯ ನೆನಪಿಗೇ ಅರ್ಪಿಸಿದರು.

ಅಷ್ಟರಲ್ಲಿ ತಾವೂ ತಾಯಿಯಾಗಿದ್ದರು. ತಂದೆ, ತಾಯಿ, ಅಕ್ಕ, ಅಣ್ಣ ಎಲ್ಲರೂ ತೀರಿಹೋದ ಮೇಲೆ 1880ರಲ್ಲಿ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿಯವರನ್ನು ವಿವಾಹವಾದರು. 1881ರಲ್ಲಿ ಮನೋರಮೆ ಹುಟ್ಟಿದಳು. ಮಗುವಿಗೆ ವರ್ಷ ತುಂಬುವ ಮೊದಲೇ ತಂದೆ ಕಾಲರಾದಿಂದ ಗತಿಸಿದರು. 1883ರಲ್ಲಿ ಕೂಸನ್ನು ಕರೆದುಕೊಂಡೇ ಇಂಗ್ಲೆಂಡಿಗೆ ಹಡಗೇರಿದರು. ವೈದ್ಯ ಕಲಿಯಬೇಕೆಂಬ ಆಸೆ ಕಿವಿ ಮಂದವಾದುದರಿಂದ ಕೈಗೂಡಲಿಲ್ಲ. ಚೆಲ್ಟನ್‌ಹ್ಯಾಮಿನ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತ ತಾವೂ ಕಲಿತರು. 1886ರಲ್ಲಿ ಮಗಳೊಡನೆ ಅಮೆರಿಕಕ್ಕೆ ಹೋದರು. ಆದರೆ ಊರೂರು ತಿರುಗಿ ಉಪನ್ಯಾಸ ಮಾಡುವ ಕೆಲಸದಲ್ಲಿ ಎಳೆಯ ಮಗುವನ್ನು ಜೊತೆಗಿಟ್ಟುಕೊಳ್ಳಲಾರದೆ, ಆಕೆಯನ್ನು ಇಂಗ್ಲೆಂಡಿನ ವಾಂಟೇಜ್ ಮಠದ ಸಹೋದರಿಯರ ವಶಕ್ಕೆ ಹಿಂದಕ್ಕೆ ಕಳುಹಿಸಿದರು.

ಐದು ವರ್ಷದ ಕೂಸನ್ನು ಸಮುದ್ರದಾಚೆಗೆ ಬಿಟ್ಟಿರುವುದು ಸರಿಯೋ ಎಂದು ಕೇಳಿದರೆ ಹೌದೆನ್ನಲು ನನಗೆ ನಾಲಿಗೆ ಏಳದು. ಹಾಗೆಂದು ಅವರು ಮಗುವನ್ನು ಮರೆತವರಲ್ಲ. ಮಗುವಿಗೆ ಏನನ್ನು ಕಲಿಸಬೇಕೆಂಬುದನ್ನು ತಾಯಿಯೇ ನಿರ್ಣಯಿಸತಕ್ಕದ್ದೆಂದು, ತಮಗೆ ಉಪಕಾರಮಾಡಿದ ಸಹೋದರಿಯರೊಂದಿಗೇ ಪತ್ರದಲ್ಲಿ ವಾದಿಸಿದರು. ಅಮೆರಿಕದಲ್ಲಿ ಕಿಂಡರ್‌ಗಾರ್ಟನ್ ಕ್ರಮವನ್ನು ಅಭ್ಯಾಸಮಾಡಿದ್ದೂ ಆ ಅಗಲಿಕೆಯ ಕಾಲದಲ್ಲಿಯೇ.

1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಅನಂತರ ಕೇಡಗಾಂವಿಯಲ್ಲಿ ಮುಕ್ತಿ ಸದನವಾಯಿತು. ಬರಗಾಲಗಳಲ್ಲಿ ಅಲ್ಲಿ ಆಶ್ರಯ ಪಡೆದವರು ಸಾವಿರಕ್ಕೂ ಮಿಕ್ಕಿದರು. ಅಷ್ಟು ಮಂದಿಗೆ ತಾಯಿಯಾದವರಿಗೆ ಸ್ವಂತ ಮಗಳಿಗೆಂದು ಎಷ್ಟು ಗಳಿಗೆ ಉಳಿದಿದ್ದೀತು? ಮನೋರಮೆಯು ಬಿ.ಎ. ಪರೀಕ್ಷೆಯನ್ನು ಮುಗಿಸಿ ತಾಯಿಯ ಕೆಲಸಕ್ಕೇ ಹೆಗಲು ಕೊಟ್ಟಳು. ನಮ್ಮ ನಾಡಿನ ಗುಲ್ಬರ್ಗಾದಲ್ಲಿಯೂ, ಈಗಿನ ಕಲಬುರಗಿಯಲ್ಲಿ, ತಾಯಿ ಮಗಳು ಕೂಡಿ ಒಂದು ಶಾಲೆಯನ್ನು ಸ್ಥಾಪಿಸಿದರು.

ತಮ್ಮ ತರುವಾಯ ಮಗಳೇ ಎಲ್ಲವನ್ನೂ ನಡಿಸುವಳೆಂದು ರಮಾಬಾಯಿಯವರು ನಂಬಿದ್ದರು. ಮನೋರಮೆಯು 1921ನೆಯ ಜುಲೈ 24ರಂದು, ನಲವತ್ತು ವರ್ಷದವಳಾಗಿ, ತೀರಿಕೊಂಡಳು. ತಾಯಿಯು 1922ನೆಯ ಏಪ್ರಿಲ್ 5ರಂದು ಕಣ್ಣುಮುಚ್ಚಿದರು.