ಗೋಡೆ ತುಂಬಾ ಇದ್ದಿಲು ಚಿತ್ರ ಬಿಡಿಸಿದ ಹುಡುಗ ರವಿವರ್ಮ

ಮಕ್ಕಳೇ, ಕಮಲದ ಮೇಲೆ ನಿಂತ ಲಕ್ಷ್ಮಿಯ ಹಳೇ ಫೋಟೋ ದೇವರ ಕೋಣೆಯಲ್ಲಿ ನೋಡಿದೀರಲ್ಲ? ಆ ರೂಪವನ್ನು ಮನೆಮನೆಗೆ ತಲುಪಿಸಿದವರು ರಾಜಾ ರವಿವರ್ಮ. 1848ರ ಏಪ್ರಿಲ್ 29ರಂದು ಈಗಿನ ಕೇರಳದ ಕಿಳಿಮಾನೂರಿನಲ್ಲಿ ಹುಟ್ಟಿದರು.

ಚಿಕ್ಕಂದಿನಲ್ಲಿ ಕೈಗೆ ಇದ್ದಿಲು ಸಿಕ್ಕಿದ್ರೆ ಸಾಕು, ಮನೆಯ ಗೋಡೆ ತುಂಬಾ ಚಿತ್ರ. ಬೇರೆ ಮನೆಯಾಗಿದ್ರೆ ಬೈಗುಳ ಬೀಳ್ತಿತ್ತೇನೋ. ಆದರೆ ಸೋದರಮಾವ ರಾಜರಾಜವರ್ಮ ಸ್ವತಃ ಚಿತ್ರಕಾರರು. ಹುಡುಗನ ಕೈಚಳಕ ಕಂಡು ತಾವೇ ಪಾಠ ಶುರು ಮಾಡಿದರು. 14ನೇ ವಯಸ್ಸಿಗೆ ಅವನನ್ನು ತಿರುವನಂತಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮಹಾರಾಜ ಆಯಿಲ್ಯಂ ತಿರುನಾಳ್ ಆಶ್ರಯ ಕೊಟ್ಟರು.

ಹುಡುಗನಿಗೆ ಎಣ್ಣೆ ಬಣ್ಣದ ಕೆಲಸ ಕಲಿಯೋ ಆಸೆ. ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಅದರ ಗುಟ್ಟು ಬಿಟ್ಟುಕೊಡಲಿಲ್ಲ. 1868ರಲ್ಲಿ ಅರಮನೆಗೆ ಬಂದ ಯುರೋಪಿನ ಥಿಯೋಡರ್ ಜೆನ್ಸನ್ ಕೂಡ ಹೇಳಿಕೊಡಲಿಲ್ಲ, ತಾನು ಚಿತ್ರ ಬರೆಯುವಾಗ ಪಕ್ಕದಲ್ಲಿ ನಿಂತು ನೋಡೋಕೆ ಮಾತ್ರ ಬಿಟ್ಟ. ರವಿವರ್ಮ ನೋಡಿ ನೋಡಿಯೇ ಕಲಿತರು. ಐದೇ ವರ್ಷದಲ್ಲಿ, ಅಂದ್ರೆ 1873ರಲ್ಲಿ, ವಿಯೆನ್ನಾದ ಪ್ರದರ್ಶನದಲ್ಲಿ ಅವರ ಚಿತ್ರಕ್ಕೆ ಬಹುಮಾನ ಬಂತು.

1894ರಲ್ಲಿ ಮುಂಬೈನಲ್ಲಿ ಪ್ರೆಸ್ ಹಾಕಿಸಿ ದೇವರ ಚಿತ್ರಗಳನ್ನು ಅಚ್ಚು ಮಾಡಿಸಿದರು. 1906ರಲ್ಲಿ ತೀರಿಕೊಂಡರು. ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲೂ ಅವರ ಚಿತ್ರಗಳಿವೆ.

ಅಪ್ಪ ಅಮ್ಮಂದಿರೇ, ಮಗು ಗೋಡೆ ಮೇಲೆ ಗೀಚಿದ್ರೆ ಬೈಯೋಕೆ ಮುಂಚೆ ಒಂದ್ಸಲ ಆ ಸೋದರಮಾವನನ್ನ ನೆನಪಿಸಿಕೊಳ್ಳಿ.